ಪಕ್ಕದ ಸೀಟು

ಹೋಗಿ, ಬೇಕಾದ್ರೆ ನೀವೇ ಕೇಳಿ. ಡ್ರಾಪ್ ಕೊಡಲ್ಲ ಅನ್ನೋ ಮನುಷ್ಯ ಅಲ್ಲ ನಮ್ಮ ಭಾವ. ಕಾರಿಗೂ ಏನಾಗಿಲ್ಲ, ಕುದುರೆ ಥರ ಓಡುತ್ತೆ. ನಾನು ಮಾತ್ರ ನಡ್ಕೊಂಡೇ ಹೋಗ್ತೀನಿ... ಯಾಕೆ ಅಂತೀರ? ಎಲ್ಲರದೂ ಊಟ ಆಯ್ತು ತಾನೆ? ಆಗಿದ್ರೆ ಹೇಳಬಾರದಿತ್ತು. ಇರಲಿ, ಆ ಬಾಗಿಲು ಸ್ವಲ್ಪ ಮುಂದೆ ಮಾಡಿ.

ನಮ್ಮ ಭಾವ ಹಲ್ಲಿನ ಡಾಕ್ಟ್ರು. ಜೀವನಪೂರ್ತಿ ಕಂಡೋರ ಬಾಯಿಗೆ ಮೂಗಿಟ್ಟು ದುಡಿದೋರು. ಅಂಥವರು ಒಂದು ವಾಸನೆಗೆ ಮುಖ ಕಿವುಚಿದ್ರು ಅಂದ್ರೆ ಅದು ಸಾಮಾನ್ಯ ವಾಸನೆ ಅಲ್ಲ.

ಗುಜರಿಯಿಂದ ಹಳೇ ಸ್ಪೋರ್ಟ್ಸ್ ಕಾರೊಂದನ್ನ ತಂದಿದ್ರು. ಕೆಂಪು ಬಣ್ಣ, ಎರಡೇ ಸೀಟು, ವಯಸ್ಸಲ್ಲಿ ಭಾವನಿಗಿಂತ ದೊಡ್ಡದು. ಊರಾಚೆ ಮೆಕ್ಯಾನಿಕ್ ಶೆಡ್ಡಲ್ಲಿ ನಿಲ್ಲಿಸಿ, ಇದ್ದಬದ್ದ ಭಾನುವಾರನೆಲ್ಲ ಅದಕ್ಕೇ ಸುರಿದ್ರು. ಹೊಸ ಇಂಜಿನ್ನು, ಡಿಸ್ಕ್ ಬ್ರೇಕು, ಹೊಸ ವೈರಿಂಗು... ಎಲ್ಲ ಹಾಕಿಸಿದ್ರು. ಪಕ್ಕದ ಸೀಟೊಂದನ್ನ ಮಾತ್ರ ಮೆಕ್ಯಾನಿಕ್ ಮುಟ್ಟೋಕೆ ಬಿಡಲಿಲ್ಲ. "ಒರಿಜಿನಲ್ಲು ಅಂತ ಏನಾದ್ರೂ ಒಂದು ಉಳೀಬೇಡ್ವೇನೋ?"

ನಾತ ಬರ್ತಿದ್ದುದೂ ಅದರಿಂದ್ಲೇ. ಬಿಸಿಲಿಗಿಟ್ರು. ಸೋಪು ಹಾಕಿ ಉಜ್ಜಿದ್ರು. ಸೆಂಟು ಹೊಡೆದ್ರು. ಸೆಂಟು ಹೊಡೆದ ಮೇಲೆ, ಸತ್ತ ಇಲಿ ಮದುವೆಗೆ ಹೊರಟ ಹಾಗಾಯ್ತು.

ಅಕ್ಕ ಒಂದು ಸಲ ಹತ್ತಿ ಕೂತ್ಲು. ಸೀಟಿನ ಕೆಳಗಿನ ಲಿವರ್ ಎಳೆದು, ಕಟಕ್ ಕಟಕ್ ಅಂತ ಸೀಟು ಹಿಂದಕ್ಕೆ ಸರಿಸಿಕೊಂಡ್ಲು. ಮರುಗಳಿಗೆಗೆ ಮೂಗು ಹಿಡ್ಕೊಂಡು ಇಳಿದುಬಿಟ್ಲು.

"ರೀ, ಈ ಭಾನುವಾರ ಇನ್ನೊಂದೇ ಸಲ ಕೂರ್ತೀನಿ. ಆಗಲೂ ನಾತ ಹೊಡೆದ್ರೆ ಇದು ವಾಪಸ್ ಗುಜರಿಗೆ. ಇದೋ ನಾನೋ, ಯೋಚನೆ ಮಾಡಿ."

ಭಾವ ಯೋಚನೆ ಮಾಡಿದ್ರು. ಸ್ವಲ್ಪ ಜಾಸ್ತಿ ಹೊತ್ತೇ ಮಾಡಿದ್ರು ಅಂತ ಅಕ್ಕ ಇವತ್ತಿಗೂ ಆಡ್ಕೋತಾಳೆ.

ಶನಿವಾರ ಸಂಜೆ, ಬೇರೆ ದಾರಿ ಕಾಣದೆ, ಸೀಟು ಬಿಚ್ಚಿಸಿದ್ರು. ಹಳೇ ಕಾಲದ ಸೀಟಲ್ಲಿ ಸ್ಪಂಜ್ ಇರಲ್ಲ, ಕುದುರೆ ಕೂದಲು ತುಂಬಿರ್ತಾರೆ. ಮೆಕ್ಯಾನಿಕ್ ಚಾಕು ಎಳೆದ. ಚರ್ರ್... ಅಂತ ಹೊಲಿಗೆ ಬಿಟ್ಕೊಳ್ತು. ಒಳಗೆ ಕೈ ಹಾಕಿದೋನು ಹಾಗೇ ನಿಂತ.

"ಡಾಕ್ಟ್ರೇ... ಒಳಗೆ ಒದ್ದೆ."

ಎಳೆದ. ಪಚಕ್ ಅಂತ ಬಂತು. ಕಪ್ಪಗೆ, ಲೋಳೆ ಲೋಳೆಯಾಗಿ, ಬಚ್ಚಲ ಜಾಲರಿಯಿಂದ ಕೂದಲು ಎಳೆದ ಹಾಗೆ... ಎಳೆದಷ್ಟೂ ಉದ್ದ. ತುದಿಯಲ್ಲಿ ಬೆಳ್ಳಗೆ ಏನೋ ಸಿಕ್ಕಿಕೊಂಡಿತ್ತು. ಮೆಕ್ಯಾನಿಕ್ ಶೆಡ್ಡಿನ ಹಿಂದಕ್ಕೆ ಓಡಿ, ತಿಂದಿದ್ದೆಲ್ಲ ಕಕ್ಕಿ ಬಂದ. ಭಾವ ಅದನ್ನ ಬೆಳಕಿಗೆ ಹಿಡಿದು ನೋಡಿದ್ರು.

"ಹಾಲುಹಲ್ಲು ಕಣೋ. ಮೇಲಿನ ಸಾಲು, ಮುಂದಿಂದು."

ಬುಡದಲ್ಲಿ ಒಸಡಿನ ಚೂರು ಅಂಟಿತ್ತು. ಕೆಂಪಗೆ... ಇನ್ನೂ ಹಸಿ.

ಬೇರೆ ಯಾರಾದ್ರೂ ಆಗಿದ್ರೆ ಎಸೆದು ಕೈ ತೊಳ್ಕೋತಿದ್ರು. ಹಲ್ಲಿನ ಡಾಕ್ಟ್ರಿಗೆ ಹಲ್ಲು ಎಸೆಯೋಕೆ ಕೈ ಬರಲ್ಲ ನೋಡಿ. ಹತ್ತಿಯಲ್ಲಿ ಸುತ್ತಿ ಅಂಗಿ ಜೇಬಿಗೆ ಹಾಕ್ಕೊಂಡ್ರು!

ಸೀಟು, ಕೂದಲು ಎಲ್ಲ ತಗೊಂಡು ಹೋಗಿ ದಾರಿ ಪಕ್ಕದ ಪಾಳು ಬಾವಿಗೆ ಹಾಕಿದ್ರು. ಅದರ ಜಾಗಕ್ಕೆ ಹೊಸ ರೇಸಿಂಗ್ ಸೀಟು ಕೂರಿಸಿದ್ರು. ಇದು ಹಿಂದೆ ಮುಂದೆ ಸರಿಯೋ ಸೀಟಲ್ಲ, ಲಿವರೂ ಇಲ್ಲ. ನಾಲ್ಕು ಬೋಲ್ಟು ಹಾಕಿ ನೆಲಕ್ಕೇ ಬಿಗಿಯೋದು. ಬಿಗಿದ್ರು. ಮೂಸಿ ನೋಡಿದ್ರು. ಊಹೂಂ, ಏನೂ ಇಲ್ಲ. ಭಾವನಿಗೆ ಹೋದ ಜೀವ ಬಂದ ಹಾಗಾಯ್ತು.

ಎಲ್ಲ ಮುಗಿಸಿ ಒಬ್ಬರೇ ಮನೆಗೆ ಹೊರಟಾಗ ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಬಾವಿ ಹತ್ರ ಬಂತು... ಹೊಸ ಇಂಜಿನ್ನು ಗುಕ್ ಅಂತು, ನಿಂತುಹೋಯ್ತು. ದೀಪಾನೂ ಹೋಯ್ತು.

ಬಾವಿಯೊಳಗೆ... ಗುಳುಕ್.

ಆಮೇಲೆ, ಪಕ್ಕದಲ್ಲೇ... ಕಟಕ್.

ಹಳೇ ಸೀಟು ಸರಿಸಿದಾಗ ಬರ್ತಿತ್ತಲ್ಲ, ಅದೇ ಸದ್ದು. ಕಟಕ್... ಕಟಕ್.

ಭಾವ ತಿರುಗಿ ನೋಡಲಿಲ್ಲ. ಮೂಗಿಗೆ ಬಡೀತು. ಈ ಸಲ ಸೀಟಿನ ವಾಸನೆ ಅಲ್ಲ, ಬಾಯಿ ವಾಸನೆ. ವರ್ಷಗಟ್ಟಲೆ ಮುಚ್ಚಿದ್ದು ಈಗ ತೆರೆದ ಬಾಯಿ. ಕಿವಿ ಹತ್ರಾನೇ... ಬೆಚ್ಚಗೆ.

"ಸಿಕ್ತಾ?"

ಪಿಸುಮಾತು. ಮುಂದಿನ ಹಲ್ಲು ಬಿದ್ದ ಮಕ್ಕಳು ಮಾತಾಡ್ತಾರಲ್ಲ, ಗಾಳಿ ಸೇರಿಸಿ, ಹಾಗೆ.

ಎಷ್ಟಾದ್ರೂ ಭಾವ ಡಾಕ್ಟ್ರು, ಅಭ್ಯಾಸ ಎಲ್ಲಿ ಬಿಡುತ್ತೆ? ಕ್ಲಿನಿಕ್ಕಲ್ಲಿ ಮಕ್ಕಳಿಗೆ ಹೇಳೋ ಧಾಟೀಲೇ, "ಸಿಕ್ತು ಪುಟ್ಟ, ಇನ್ನೇನೂ ನೋವಾಗಲ್ಲ" ಅಂದ್ರಂತೆ. ಜೇಬಿಂದ ಹತ್ತಿ ತೆಗೆದು, ಆ ಕಡೆ ನೋಡದೇ ಕೈ ಚಾಚಿದ್ರು.

ಅಂಗೈ ಮೇಲೆ ಒದ್ದೆಯಾಗಿ ಏನೋ ಆಡಿತು. ನಾಲಿಗೆ. ಹತ್ತಿ ಸಮೇತ ನೆಕ್ಕಿಕೊಂಡು ಹೋಯ್ತು.

ಇಂಜಿನ್ನು ತಾನೇ ಸ್ಟಾರ್ಟ್ ಆಯ್ತು.

ಆ ರಾತ್ರಿ ಭಾವ ಕೈ ತೊಳೆದಿದ್ದೂ ತೊಳೆದಿದ್ದೇ. ಬಚ್ಚಲಲ್ಲಿ ಹೊಸ ಸೋಪು ಚಕ್ಕೆ ಆಗಿತ್ತು.

ಬೆಳಿಗ್ಗೆ ಅಕ್ಕ ಕಾರಿನ ಬಾಗಿಲು ತೆಗೆದು ಮೂಗರಳಿಸಿದಳು. ಭಾವ ಉಸಿರು ಬಿಗಿಹಿಡಿದು ನಿಂತಿದ್ರು. ಕಟ್ಟುಕತೆ ಅನ್ನಬೇಡಿ, ಆ ಹೊತ್ತಿಗೆ ನಾನೂ ಅಲ್ಲೇ ಇದ್ದೆ. ಆಮೇಲೆ ಬಗ್ಗಿ ನೋಡಿದೋನೂ ನಾನೇ. ನಾಲ್ಕು ಬೋಲ್ಟೂ ಬಿಗಿದ ಹಾಗೇ ಇದ್ವು, ಒಂದು ಗೀರೂ ಇರಲಿಲ್ಲ. ಇನ್ನು ಅಕ್ಕ ಅಂದಿದ್ದು ಇಷ್ಟು, ಒಂದಕ್ಷರಾನೂ ನನ್ನದಲ್ಲ:

"ನಾತ ಹೋಗಿದೆ ರೀ, ನಿಮ್ಮ ಕಾರು ಉಳ್ಕೊಳ್ತು. ಆದ್ರೆ ಈ ಸೀಟನ್ನ ಯಾಕೆ ಇಷ್ಟು ಮುಂದಕ್ಕೆ ಎಳೆದಿದ್ದೀರಿ? ಚಿಕ್ಕ ಮಗು ಕೂರಬೇಕಷ್ಟೆ, ನನ್ನ ಮೊಣಕಾಲು ಎಲ್ಲಿಡ್ಲಿ?... ಥೂ, ಡ್ಯಾಶ್‌ಬೋರ್ಡ್ ತುಂಬ ಯಾರದ್ರೀ ಈ ಜೊಲ್ಲು?"