ಬೆಳಕಿದೆ, ಅಕ್ಷರ ಇಲ್ಲ

...ಅಲ್ಲಕ್ಕಾ, ನಾನು ಹೇಳೋದನ್ನ ಪೂರ್ತಿ ಕೇಳು. ಅಂಗಡಿ ಒಳಗೆ ಬಿರುಗಾಳಿ ಹಾಗೆ ಬಂದು ಇದನ್ನ ಮೇಜಿನ ಮೇಲೆ ಕುಕ್ಕಿದರೆ ಹೇಗೆ? ಇದೇನು ಇಟ್ಟಿಗೆನಾ? ನೀನು ಮಾತಾಡೋಕೆ ಅಂತ ಇರೋ ಯಂತ್ರ. ಆಪರೇಷನ್ ಆಗಿ ಗಂಟಲು ಹೋದ ಮೇಲೆ, ನನ್ನಕ್ಕ ಟೈಪ್ ಮಾಡಿದ್ದು ಎದುರಿಗಿದ್ದೋರಿಗೆ ಕಾಣಲಿ ಅಂತ ನಾನೇ ಕೈಯಾರೆ ಮಾಡಿದ್ದು. ಅಂಗೈ ಅಗಲದ್ದು. ಮೆಲ್ಲಗೆ ಇಡು.

ಗೊತ್ತು, ಗೊತ್ತು. ಇಸ್ತ್ರಿ ಬಟ್ಟೆ ಹಾಕ್ಕೊಂಡು, ಕೆಲಸದ ಬ್ಯಾಗ್ ಹೆಗಲಿಗೇರಿಸಿಕೊಂಡು ನೀನು ಮೊದಲು ಕೆಲಸ ಮಾಡ್ತಿದ್ದ ಬಸ್ ನಿಲ್ದಾಣಕ್ಕೆ ಹೋದೆ. ಅಲ್ಲಿನ ಮೇಲಧಿಕಾರಿ, ‘ನೀವು ಒಲ್ಲೆ ಅಂದ್ರಂತಲ್ಲಾ, ನಿಮ್ಮ ತಮ್ಮನೇ ಫೋನಲ್ಲಿ ಹೇಳಿದ್ರು’ ಅಂದ. ಸಂಜೆಯೊಳಗೆ ಆ ಜಾಗಕ್ಕೆ ಬೇರೆಯವರು ಬರ್ತಾರೆ ಅಂದ. ಅಷ್ಟೇ ತಾನೆ? ಈಗಷ್ಟೇ ನನಗೂ ಫೋನ್ ಮಾಡಿದ್ದ.

ನೋಡು, ಮೊನ್ನೆ ಆಗಿದ್ದು ಇಷ್ಟು. ಅವನ ಫೋನ್ ಬಂತು. ಇನ್ನು ಮೈಕಲ್ಲಿ ಕೂಗೋದು ಬೇಡ, ಬಸ್ಸು ಬರೋ ಹೋಗೋ ಹೊತ್ತನ್ನ ಬೋರ್ಡಿಗೆ ಟೈಪ್ ಮಾಡೋ ಕೆಲಸ ಇದೆ, ಅಕ್ಕ ಬರ್ತಾರಾ ಅಂದ. ನಿನ್ನ ಕೇಳಿದೆ. ನೀನು ಇದರಲ್ಲಿ ಏನೋ ಟೈಪ್ ಮಾಡಿ, ನನ್ನ ಮುಂದಿಟ್ಟು, ಹಾಲು ಉಕ್ಕುತ್ತೆ ಅಂತ ಒಳಗೆ ಓಡಿದೆ. ಎತ್ತಿ ನೋಡ್ತೀನಿ, ಪರದೆ ಬೆಳ್ಳಗೆ. ಬೆಳಕಿದೆ, ಅಕ್ಷರ ಇಲ್ಲ. ಒಂದಕ್ಷರಾನೂ ಓದಿಲ್ಲ ನಾನು. ಅವನೋ ಆ ಕಡೆ ಕಾಯ್ತಾ ಇದ್ದಾನೆ. ನನ್ನಕ್ಕನ ಮನಸ್ಸು ನನಗೆ ಗೊತ್ತಿಲ್ವಾ ಅಂತ... ಒಲ್ಲಳು ಅಂದೆ. ಆಮೇಲೆ ನಿನಗೆ ಹೇಳೋಣ ಅಂತಿದ್ದೆ. ಗಿರಾಕಿಗಳು ಬಂದ್ರು, ಮರೆತೆ.

ಹುಬ್ಬು ಯಾಕೆ ಏರಿಸ್ತೀಯಾ? ಪೆನ್ನಿದೆ, ಕಾಗದ ಇದೆ, ಬರಿ. ಮೊನ್ನೆಯಿಂದ ಗಿರಾಕಿಗಳಿಗೆಲ್ಲ ಚೀಟಿ ಬರೆದು ಕೊಡ್ತಿದ್ದೀಯಲ್ಲ. ನನಗೆ ಮಾತ್ರ ಬರೆಯಲ್ಲ... ಬರೀ ಬೆರಳು ತೋರಿಸ್ತೀಯಾ, ರಿಪೇರಿ ಮಾಡು ಅಂತ. ಸರಿ ತಾಯಿ, ಮಾಡ್ತೀನಿ.

ನೆಟ್ಟಗೆ ಹಿಡ್ಕೋ. ಹಾಗಲ್ಲ, ಪರದೆ ನಿನ್ನ ಕಡೆ, ಬೆನ್ನು ನನ್ನ ಕಡೆ. ಹಿಂದಿನ ಮುಚ್ಚಳ ಬಿಚ್ತೀನಿ. ಅಕ್ಷರ ಬಂದ್ರೆ ತಲೆ ಆಡಿಸು, ಸಾಕು.

ಬ್ಯಾಟರಿ... ಚೆನ್ನಾಗಿದೆ. ಪರದೆಗೆ ಹೋಗೋ ತಂತಿಪಟ್ಟಿ... ಬಿಗಿಯಾಗೇ ಇದೆ. ಯಾಕೆ ನಗ್ತೀಯಾ? ಡಾಕ್ಟರು ಮೊದಲು ನಾಡಿ ಹಿಡಿದು ನೋಡಲ್ವಾ, ಹಾಗೇ ಇದು. ಹಿಂದಿನ ದೀಪ ಉರೀತಿದೆ ಅಂದ್ರೆ ಕರೆಂಟಿಗೆ ಕೊರತೆ ಇಲ್ಲ. ಹಾಗಾದ್ರೆ ಎಬ್ಬಿಸೋದ್ರಲ್ಲೇ ಎಡವಟ್ಟು. ಪರದೆ ಅನ್ನೋದು ಸ್ವಿಚ್ ಒತ್ತಿದ ತಕ್ಷಣ ಎದ್ದು ಕೂರಲ್ಲಕ್ಕಾ. ಮೊದಲು ಒಂದು ಸಲ ರೀಸೆಟ್ ಮಾಡಬೇಕು. ಆಮೇಲೆ ‘ಏಳು’ ಅನ್ನಬೇಕು. ಆಮೇಲೆ ಚೂರು ತಡೀಬೇಕು, ಅದು ಕಣ್ಣುಜ್ಜಿಕೊಳ್ಳೋಕೆ ಬಿಡಬೇಕು. ಆಮೇಲೆ ‘ತೋರಿಸು’. ನಡುವೆ ತಡೀದೆ ಹೋದ್ರೆ ಎರಡನೇ ಮಾತು ಅದರ ತಲೆಗೇ ಹೋಗಲ್ಲ. ಬೆಳ್ಳಗೆ ಕೂತಿರುತ್ತೆ.

ಹೂಂ... ಕಂಪ್ಯೂಟರಲ್ಲಿ ಇದರ ಪ್ರೋಗ್ರಾಂ ನೋಡ್ತೀನಿ. ಇಲ್ಲೇ ಇದೆ, ಸಿಕ್ತು. ಆ ತಡೆಯೋ ಸಾಲೇ ಇಲ್ಲ. ಯಾರು ತೆಗೆದ್ರು ಅಂದ್ರೆ? ಇಲಿ ಬಂದು ತೆಗೀತಾ? ನಾನೇ. ಬೇಗ ಎದ್ದೇಳಲಿ ಅಂತ ಮೊನ್ನೆ ಊಟ ಆದ ಮೇಲೆ ತೆಗೆದು ಹಾಕಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಚಿಕ್ಕಂದಿನಿಂದ ಹೇಳ್ತಿದ್ದೋಳು ನೀನೇ ಅಲ್ವಾ... ಗಡಿಯಾರ ಯಾಕೆ ತೋರಿಸ್ತೀಯಾ? ಫೋನ್ ಬಂದಿದ್ದು ಬೆಳಿಗ್ಗೆ, ಸರಿ. ಹಾಗಿದ್ರೆ ಊಟಕ್ಕೆ ಮುಂಚೆ ತೆಗೆದಿರ್ತೀನಿ. ಅದನ್ನೆಲ್ಲ ಗಂಟೆ ನೋಡ್ಕೊಂಡು ಮಾಡ್ತಾರಾ ಯಾರಾದ್ರೂ?

ನಿಜ ಹೇಳು, ಅಲ್ಲಿ ಹೋಗಿ ಏನು ಮಾಡ್ತೀಯಾ? ಇಷ್ಟು ವರ್ಷ ನಿನ್ನ ದನಿ ಕೇಳಿ ಬಸ್ ಹತ್ತಿದೋರ ಎದುರಿಗೆ ಬಾಯಿ ಕಟ್ಕೊಂಡು ಕೂರ್ತೀಯಾ? ಇಲ್ಲೇನು ಕಡಿಮೆ? ನೀನು ಗಲ್ಲಾದಲ್ಲಿ ಕೂತ ಮೇಲೆ ಅಂಗಡಿಗೊಂದು ಕಳೆ ಬಂದಿದೆ. ಜನ ನಿನ್ನ ಕೈಯಲ್ಲಿ ಇದನ್ನ ನೋಡ್ತಾರೆ, ನಮ್ಮಪ್ಪನಿಗೂ ಒಂದು ಮಾಡಿಕೊಡಿ ಅಂತಾರೆ... ಅದಕ್ಕಲ್ಲ ಅಕ್ಕಾ. ಅದಕ್ಕೇ ನಿನ್ನ ಇಲ್ಲಿ ಇಟ್ಕೊಂಡಿದ್ದೀನಿ ಅಂತ ನಾನೆಲ್ಲಿ ಅಂದೆ? ಮಾತಿಗೆ ಹೇಳಿದೆ.

ಇರಲಿ. ತಡೆಯೋ ಸಾಲು ವಾಪಸ್ ಹಾಕಿದೆ. ಹೊಸ ಪ್ರೋಗ್ರಾಂ ಒಳಗೆ ಹೋಗ್ತಾ ಇದೆ. ಕೊನೇ ಸಲ ಟೈಪ್ ಮಾಡಿದ್ದನ್ನ ಇದು ಮರೆಯಲ್ಲ, ಬ್ಯಾಟರಿ ತೆಗೆದರೂ ಇಟ್ಕೊಂಡಿರುತ್ತೆ. ನೀನೇ ಹೇಳಿ ಮಾಡಿಸ್ಕೊಂಡಿದ್ದು. ರೀಸೆಟ್... ಏಳಪ್ಪಾ... ತಡಿ, ತಡಿ... ಹಾಂ, ತೋರಿಸು.

ಬಂತಾ? ತಲೆ ಆಡಿಸಿದೆ, ಬಂತು! ನೋಡಿದ್ಯಾ ನಿನ್ನ ತಮ್ಮನ ಕೈಗುಣ? ಓದ್ಕೋ, ನೀನು ಬರೆದಿದ್ದನ್ನ ನೀನೇ ಚೆನ್ನಾಗಿ ಓದ್ಕೋ. ನಿದ್ದೆಗೆಟ್ಟು ಇದನ್ನ ಮಾಡಿಕೊಟ್ಟ ತಮ್ಮನಿಗೆ ಬರೆಯೋ ಮಾತಾ ಅದು? ‘ಬರ್ತೀನಿ ಅಂತ ಹೇಳು. ಗಂಟಲಂತೂ ಹೋಯ್ತು, ನಿನ್ನ ಅಂಗಡೀಲಿ ಕೂತು ನಿನ್ನ ವಟವಟಕ್ಕೆ ಕಿವೀನೂ ಕಳ್ಕೊಳ್ಳಲಾರೆ’... ತಮಾಷೆಗೇ ಬರೆದಿರ್ತೀಯಾ. ಆದ್ರೂ ನನಗೆ ಎಷ್ಟು ನೋವಾಯ್ತು ಗೊತ್ತಾ?

...ಏನು? ಯಾಕೆ ಹಾಗೆ ನೋಡ್ತೀಯಾ? ಟೈಪ್ ಮಾಡು, ಸರಿಹೋಯ್ತಲ್ಲ. ಅದನ್ನ ಯಾಕೆ ಎದೆಗೆ ಒತ್ತಿ ಹಿಡ್ಕೊಂಡೆ? ನನಗೇನು ಕಾಣಬಾರದಾ...

ಓ. ಪರದೆ ನಿನ್ನ ಕಡೆಗಿತ್ತು.

ಅದು... ಊಹೆ ಮಾಡಿದೆ. ಅಕ್ಕ ತಮ್ಮ ಅಂದ ಮೇಲೆ ಅಷ್ಟೂ ಗೊತ್ತಾಗಲ್ವಾ... ಕಿವಿ ವಿಷಯದವರೆಗೂ... ಬ್ಯಾಗ್ ಯಾಕೆ ತಗೊಂಡೆ? ಗಲ್ಲಾದ ಕೀಲಿಕೈ ಇಲ್ಲಿ ಯಾಕಿಡ್ತೀಯಾ? ಸಂಜೆಗಿನ್ನೂ ಹೊತ್ತಿದೆ, ಬೇಕಾದ್ರೆ ನಾನೇ ಅವನಿಗೆ ಫೋನ್ ಮಾಡಿ ಹೇಳ್ತೀನಿ... ಬೇಡ. ಸರಿ, ಬೇಡ. ನೀನೇ ಹೋಗಿ ಹೇಳ್ತೀಯಾ. ಆದ್ರೆ ಹೀಗೆ ಹೋಗಬೇಡ ಅಕ್ಕಾ. ಬೈಯೋದಾದ್ರೂ ಬೈ. ಎರಡಕ್ಷರ ಒತ್ತು, ಯಂತ್ರ ಸರಿಯಾಗಿದೆ. ನಾನು ತಡೀತೀನಿ, ಎಷ್ಟು ಹೊತ್ತಾದ್ರೂ ತಡೀತೀನಿ. ಇಗೋ, ಬಾಯಿ ಮುಚ್ಚಿದೆ.