ನಡುಮನೆಯ ಗೋಡೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಅಧ್ಯಾಪಕರೇ, ಹಿಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ಮಕ್ಕಳೇ, ಸಭಿಕರೇ,

ಇಂದಿನಿಂದ ನಿಮ್ಮ ಶಾಲೆಯದಾಗುವ ಈ ತೋಟದ ಮನೆಯ ಚರಿತ್ರೆಯನ್ನು ಹೇಳಬೇಕೆಂದು ಮುಖ್ಯೋಪಾಧ್ಯಾಯಿನಿಯವರು ಅಪ್ಪಣೆ ಮಾಡಿದ್ದಾರೆ. ಚುಟುಕಾಗಿ ಎಂದೂ ಸೇರಿಸಿದ್ದಾರೆ.

ಮನೆ ಕಟ್ಟಿಸಿದವರು ನನ್ನ ಅಜ್ಜ, ಕಲ್ಲುಗಣಿಯ ಯಜಮಾನರು. ಕಲ್ಲು ಸ್ವಂತದ್ದಾದ್ದರಿಂದ ಗೋಡೆಗಳ ವಿಷಯದಲ್ಲಿ ಅವರು ಕೈ ಬಿಗಿ ಹಿಡಿಯಲಿಲ್ಲ. ಸುತ್ತ ಹಣ್ಣಿನ ತೋಟ, ಅದರಾಚೆ ಕಾಡು. ಅವರು ಕಣ್ಣು ಮುಚ್ಚಿದ್ದೇ ತಡ, ಗಂಡುಮಕ್ಕಳಿಬ್ಬರ ನಡುವೆ ಜಗಳ ಹತ್ತಿತು. ಕಾಡು ಕಡಿಸೋಣ ಎಂದರು ದೊಡ್ಡಪ್ಪ. ಕೂಡದು ಎಂದರು ನನ್ನ ಅಪ್ಪ. ಕೊನೆಗೆ ನಡುಮನೆಯಲ್ಲೇ ಗೋಡೆ ಎದ್ದಿತು. ಆ ಕಡೆಯವರೊಡನೆ ಮಾತು ಬೇಡ ಎಂದು ಎರಡೂ ಕಡೆ ಕಟ್ಟಪ್ಪಣೆಯಾಯಿತು.

ಗೋಡೆ ಕಟ್ಟಿದ ಮಾತ್ರಕ್ಕೆ ಹೆಂಗಸರ ಮಾತು ನಿಲ್ಲುತ್ತದೆಯೇ? ದೊಡ್ಡಮ್ಮ ಬೆಕ್ಕಿನೊಡನೆ ಮಾತಾಡತೊಡಗಿದರು, ಗಟ್ಟಿಯಾಗಿ: "ಬಸುರಿ ಹೆಂಗಸು ತುಂಬಿದ ಕೊಡ ಎತ್ತಬಾರದು ಕಣೇ ಬೆಕ್ಕೇ!" ಆಚೆ ಬದಿಯಲ್ಲಿ ಅಮ್ಮ ಕೊಡ ಕೆಳಗಿಡುತ್ತಿದ್ದರು.

ಅಮ್ಮನಿಗೆ ನೋವು ಬಂದಾಗ ಅಪ್ಪ ಮನೆಯಲ್ಲಿರಲಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ. ಎದ್ದು ತೆಗೆಯುವ ಶಕ್ತಿ ಅಮ್ಮನಿಗಿರಲಿಲ್ಲ. ಕೂಗು ಕೇಳಿದ ದೊಡ್ಡಮ್ಮ ತೋಟದ ಹಾರೆ ಹಿಡಿದು ಗೋಡೆಯ ಬಳಿ ಬಂದರು. ದೊಡ್ಡಪ್ಪ ಅಡ್ಡ ನಿಂತರು.

"ಗೋಡೆ ಒಡೆದ್ರೆ ನಿನಗೆ ಈ ಕಡೆ ಜಾಗ ಇಲ್ಲ."

"ಸರಿ ಬಿಡಿ, ಆ ಕಡೆನೇ ಇರ್ತೀನಿ. ಈಗ ಪಕ್ಕಕ್ಕೆ ಸರೀರಿ."

ಅಂದು ಮಧ್ಯಾಹ್ನ ದೊಡ್ಡಮ್ಮನ ಕೈಯಲ್ಲಿ ಹುಟ್ಟಿದವಳು ನಾನು. ದೊಡ್ಡಮ್ಮ ಹೇಳಿದಂತೆಯೇ ನಮ್ಮ ಕಡೆ ಉಳಿದರು. ದೊಡ್ಡಪ್ಪ ತಾವೇ ಬೇಯಿಸಿಕೊಂಡರು. ಸೀದ ವಾಸನೆ ನಮ್ಮವರೆಗೂ ಬರುತ್ತಿತ್ತಂತೆ. ನಾನು ಅಂಬೆಗಾಲಿಡುವ ಹೊತ್ತಿಗೆ, ಒಂದು ದಿನ ಊಟದ ವೇಳೆ ಅವರು ಒಡೆದ ಗೋಡೆಯ ಬಳಿ ಬಂದು ನಿಂತರು.

"ನಿಂತ್ಕೊಂಡು ಏನ್ ನೋಡ್ತೀರಿ? ಕೂತ್ಕೊಳ್ಳಿ, ಬಡಿಸ್ತೀನಿ" ಎಂದರು ದೊಡ್ಡಮ್ಮ. ಅಪ್ಪ ಸರಿದು ಜಾಗ ಬಿಟ್ಟರು. ಕ್ಷಮೆ ಕೇಳಿದ್ದನ್ನಾಗಲಿ ಕೊಟ್ಟದ್ದನ್ನಾಗಲಿ ಯಾರೂ ಕಾಣಲಿಲ್ಲ. ಕಾಡು ಕಡಿಯುವ ಮಾತು ಮತ್ತೆ ಏಳಲಿಲ್ಲ.

ಚರಿತ್ರೆ ಇಷ್ಟೇ. ನನ್ನ ತಮ್ಮ ಎಲ್ಲಿ ಎಂದು ಕೆಲವರು ಕೇಳಿದಿರಿ. ಮೈ ಹುಷಾರಿಲ್ಲ ಎಂದೆ. ಅದು ನಿಜವಲ್ಲ. ಮನೆಯನ್ನು ಶಾಲೆಗೆ ಕೊಡುವುದು ಅವನಿಗೆ ಇಷ್ಟವಿರಲಿಲ್ಲ. ನನ್ನ ಹಟಕ್ಕೆ ಸಹಿ ಹಾಕಿದ, ನನ್ನೊಡನೆ ಮಾತು ಬಿಟ್ಟ. ಆದ್ದರಿಂದ ಅಧ್ಯಕ್ಷರು ದಯವಿಟ್ಟು ಮನ್ನಿಸಬೇಕು, ನಿಮ್ಮ ಭೋಜನಕ್ಕೆ ನಾನು ನಿಲ್ಲುವುದಿಲ್ಲ. ಇಲ್ಲಿಂದ ನೇರವಾಗಿ ತಮ್ಮನ ಮನೆಗೆ ಊಟಕ್ಕೆ ಹೋಗುತ್ತೇನೆ. ಅವನು ಕರೆದಿಲ್ಲ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞಳು. ನಮಸ್ಕಾರ.