ಕರಗೋಕೆ ಬಿಸಿ ಬೇಕಲ್ಲ

...ಅಯ್ಯೋ ಅಮ್ಮ, ಮೊದಲು ಒಲೆ ಆರಿಸು! ಈಗಷ್ಟೇ ವಿಮಾನ ಇಳಿದು ಬಂದಿದೀಯ, ಕಾಲುಚೀಲ ಕೂಡ ಬಿಚ್ಚಿಲ್ಲ, ಆಗ್ಲೇ ಬಾಣಂತಿ ನೀರಾ? ಸಾಂಬ್ರಾಣಿನೂ ಬೇಡ. ಹೊಗೆ ಎದ್ರೆ ಅಲಾರಮ್ಮು ಬೊಬ್ಬೆ ಹೊಡೆಯತ್ತೆ, ಅಪಾರ್ಟ್‌ಮೆಂಟಿಗೆ ಅಪಾರ್ಟ್‌ಮೆಂಟೇ ಬೀದಿಗೆ ಇಳಿಯತ್ತೆ. ಬಾ, ಕೂತ್ಕೋ.

ಮಂಡಿ ನೋವಾ? ತಾಳು, ಈ ಚೀಲ ಹಿಡ್ಕೋ. ಒಳಗೆ ನೀರಿದ್ದ ಹಾಗಿದೆ ಅಲ್ವಾ? ಆ ತಗಡಿನ ಬಿಲ್ಲೆ ಚಟ್ ಅನ್ಸು... ಹ್ಞಾಂ! ನೋಡು ನೋಡು, ಗಟ್ಟಿ ಆಗ್ತಾ ಬಂತು. ಬಿಸಿ ಆಯ್ತಲ್ಲಾ? ಯಾಕೆ ನಗ್ತೀಯ? ಮಾಟ ಅಲ್ಲಮ್ಮ, ಕೆಮಿಸ್ಟ್ರಿ. ಹರಳುಗಟ್ಟೋವಾಗ ಒಳಗೆ ಅದುಮಿಟ್ಟುಕೊಂಡಿದ್ದ ಬಿಸಿನೆಲ್ಲ ಹೊರಗೆ ಬಿಟ್ಬಿಡತ್ತೆ. ಲ್ಯಾಬಲ್ಲಿ ಕೆಲಸ ಮಾಡೋ ಮಗಳನ್ನ ಹೆತ್ತಿದ್ದಕ್ಕೆ ಇಷ್ಟಾದ್ರೂ ಪ್ರಯೋಜನ ಬೇಡ್ವಾ?

ಪಾಪುನಾ? ಫೋನಲ್ಲೇ ಹೇಳಿದ್ನಲ್ಲ, ಆಸ್ಪತ್ರೇಲಿದೆ. ಕಾಮಾಲೆ. ನೀಲಿ ದೀಪದ ಕೆಳಗೆ ಮಲಗಿಸಿದಾರೆ, ಎಷ್ಟೋ ಮಕ್ಕಳಿಗೆ ಬರತ್ತೆ... ನಿನ್ನ ಅಳಿಯ ರಘು ಕಾರಲ್ಲಿ ಏನೂ ಹೇಳ್ಲಿಲ್ವಾ? ಸುಮ್ನೇ ಇದ್ನಾ? ಅವನು ಹಾಗೇನೇ, ಫ್ರೀವೇ ಹತ್ತಿದ್ರೆ ಬಾಯಿಗೆ ಬೀಗ. ಇಲ್ಲ, ಇವತ್ತು ನೋಡೋಕೆ ಬಿಡಲ್ಲ. ಪ್ರಯಾಣ ಮಾಡಿ ಬಂದೋರಿಂದ ಸೋಂಕು ಅಂತಾರೆ. ನಾಳೆ ನೋಡೋಣ. ನಾಳೆ ಇಲ್ಲಾಂದ್ರೆ...

ಆ ರೂಮಿನ ಬಾಗಿಲು ಮುಟ್ಬೇಡ!

ಕೂಗಿದ್ದಲ್ಲಮ್ಮ. ಹೊಸ ಬಣ್ಣ, ವಾಸನೆ ಅಷ್ಟೇ. ಕಿಟಕಿನೂ ತೆಗೀಬೇಡ. ಕೆಳಗೆ ಲಗೂನ್ ನೀರಿನ ಸುತ್ತ ಇಡೀ ಫಾಸ್ಟರ್ ಸಿಟಿ ಊರೇ ಮಕ್ಕಳನ್ನ ಸ್ಟ್ರಾಲರಲ್ಲಿ ತಳ್ಕೊಂಡು ಓಡಾಡ್ತಿರತ್ತೆ. ಆಸ್ಪತ್ರೆಯಿಂದ ಬಂದಾಗಿಂದ ಈ ಸೋಫಾನೇ ನನ್ನ ಜೈಲು.

ಶಾಲು ಯಾಕೆ ಎಳೀತೀಯ? ಬಿಡು... ಹ್ಞೂಂ, ಒದ್ದೆ ಆಗಿದೆ. ಬೈಬೇಡ! ಬಾಣಂತಿಗೆ ಥಂಡಿ ಆಗಬಾರದು, ಗೊತ್ತು. ತಣ್ಣನೆ ಚೀಲ ಸೊಂಟಕ್ಕೆ ಇಟ್ಟಿದ್ದೆ, ಜಾರಿ ಮೇಲೆ ಬಂತು. ಎರಡೂ... ಎರಡೂ ಜಾರಿ ಬಂತು. ಇದ್ರೊಳಗೆ ಏನಿದೆ ಹೇಳು? ಹೊಲಕ್ಕೆ ಹಾಕ್ತಾರಲ್ಲ, ಯೂರಿಯಾ. ಮಧ್ಯೆ ಒಂದು ನೀರಿನ ಪೊಟ್ಟಣ. ಹಿಸುಕಿದ್ರೆ ಒಡೆದು ಯೂರಿಯಾ ಕರಗತ್ತೆ. ಕರಗೋಕೆ ಬಿಸಿ ಬೇಕಲ್ಲ? ಪಕ್ಕದಲ್ಲಿ ಯಾರಿದಾರೋ ಅವರ ಮೈಯಿಂದ ಎಳ್ಕೊಳತ್ತೆ...

ಪಾಪುಗೆ ಹಾಲಾ? ಕಳಿಸ್ತೀನಲ್ಲ, ಪಂಪು ಇದೆ. ಎಲ್ಲಿ ಅಂದ್ರೆ... ಡಬ್ಬ ಇನ್ನೂ ಬಿಚ್ಚಿಲ್ಲ. ಅಂದ್ರೆ, ಆಸ್ಪತ್ರೇಲಿ ಬೇರೆ ಇದೆ. ಹಾಲು ಜಾಸ್ತಿ ಆಗಿ ಕಟ್ಕೊಂಡಿದೆ, ಕಲ್ಲಾಗಿದೆ, ಅದಕ್ಕೇ ತಣ್ಣಗೆ... ಉರಿ ಅಮ್ಮ. ಈ ಉರಿಗೆ ಹೊರಗೆ ಹೋಗೋಕೆ ದಾರಿನೇ ಇಲ್ಲ. ಹಾಲು ಬರಲಿ ಅಂತ ನೀನು ತಂದಿರೋ ಬೆಳ್ಳುಳ್ಳಿ, ಸಬ್ಬಸಿಗೆ ಬೀಜ ಎಲ್ಲ ತಿಂತೀನಿ. ನಾಳೆಯಿಂದ ತಿಂತೀನಿ.

ಮಾತಾಡಮ್ಮ. ಬೈ ಬೇಕಾದ್ರೆ. ಮೈಥಿಲೀ ಅಂತ ಒಂದು ಸಲ ಕರಿ. ಹಾಗೆ ನೋಡ್ಬೇಡ. ಹಾಸನದಲ್ಲಿ ಪಕ್ಕದ ಮನೆ ನಂಜಮ್ಮನ ಕೂಸು ಹೋದಾಗ ಹೀಗೇ ನೋಡ್ತಾ ಕೂತಿದ್ದೆ ನೀನು, ಅವಳ ಎದೆಗೆ ಮಲ್ಲಿಗೆ ದಂಡೆ ಕಟ್ಟಿ. ಹೂವು ಯಾಕಮ್ಮ ಅಂತ ಕೇಳಿದ್ದಕ್ಕೆ, ಹಾಲು ಬತ್ತಲಿ ಅಂತ ಕಣೇ, ಅಂದಿದ್ದೆ...

ಇದನ್ನ ಯಾಕೆ ಹೇಳ್ದೆ ನಾನು.

ಬೆಳ್ಳುಳ್ಳಿ ಯಾಕೆ ವಾಪಸ್ ಬ್ಯಾಗಿಗೆ ಹಾಕ್ತಿದೀಯ? ಅಮ್ಮ? ಅದು ಹೊಸಾ ಚೀಲ, ಇನ್ನೂ ತಣ್ಣಗಾಗಿಲ್ಲ. ಹಿಸುಕಬೇಕು... ಇನ್ನೂ ಜೋರಾಗಿ. ಹ್ಞಾಂ, ಒಡೀತು. ಕೊಡು, ನಾನೇ ಇಟ್ಕೋತೀನಿ.

ಸರಿ. ನೀನೇ ಇಡು.

ಅಷ್ಟು ದೂರ ವಿಮಾನದಲ್ಲಿ ಒಬ್ಬಳೇ ಕೂತು ಹೇಗೆ ತಡ್ಕೋತಿದ್ದೆ ನೀನು? ಅದಕ್ಕೇ ಕಾಮಾಲೆ ಅಂದೆ.

ಮೂಗು ನಿಂದೇ ಅಮ್ಮ. ಅಳಲೇ ಇಲ್ಲ ಅವಳು. ಒಂದೇ ಒಂದು ಸಲಾನೂ ಅಳಲಿಲ್ಲ.